ಮಗ್ಗ ಎಲ್ಲಿತ್ತು?

ಇಳಕಲ್ಲಿಗೆ ವೈಫೈ ಹೊಸದಾಗಿ ಬಂದ ವರ್ಷಗಳವು. ಯಾರ ಮನೆಯ ಕಂಪ್ಯೂಟರಿಗೆ ಅದು ಕಾಣದಿದ್ದರೂ ಕಂಪ್ಯೂಟರ್ ರಿಪೇರಿಯ ಹುಚ್ಚೇಶಣ್ಣನಿಗೇ ಕರೆ ಹೋಗುತ್ತಿತ್ತು. ಬಂದವನು ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ, ಚಪ್ಪಲಿ ಬಿಟ್ಟು ನೆಟ್ಟಗೆ ದೇವರ ಮನೆಗೆ ನಡೆಯುತ್ತಿದ್ದ. ಜನ ರೌಟರನ್ನು ಅಲ್ಲಿ ದೇವರ ಜಗುಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಧೂಳು ಕೂರಬಾರದೆಂದು ಹಳೇ ಸೀರೆ ಹೊದಿಸಿರುತ್ತಿದ್ದರು. "ಎರಡು ಮೊಳ ದಪ್ಪದ ಕಲ್ಲಿನ ಗ್ವಾಡಿ, ಮ್ಯಾಲ ಸೀರಿ! ಪಾಪ, ಅದಕ್ಕ ಉಸರರ ಹೆಂಗ ಬರಬೇಕ್ರಿ?" ಎಂದು ಗದರಿ, ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಕೇಳುತ್ತಿದ್ದ: "ಈ ಮನ್ಯಾಗ ಮಗ್ಗ ಎಲ್ಲಿತ್ರಿ?" ನೇಕಾರಿಕೆ ಬಿಟ್ಟ ಮನೆಯವರು ನೇಕಾರ ಕಾಲಲ್ಲಿ ಮಗ್ಗ ತುಳಿಯುತ್ತಿದ್ದ ಕುಣಿ ಮುಚ್ಚಿ ಫರಸಿ ಕಲ್ಲು ಹಾಸಿದ ಜಾಗ ತೋರಿಸುತ್ತಿದ್ದರು. "ಮಗ್ಗದಾಗ ಕುಂತು ಚಾ ತಾ ಅಂತ ಒದರಿದ್ರ ಅಡಗಿಮನಿಗೆ ಕೇಳಬೇಕು. ಹಿರ್ಯಾರು ಅಂಥಾ ಜಾಗಾನ ಹುಡುಕಿಟ್ಟಾರ" ಎಂದು ರೌಟರನ್ನು ಅಲ್ಲೇ ಕೂರಿಸುತ್ತಿದ್ದ. ಬಹಳ ಮನೆಗಳಲ್ಲಿ ಅಷ್ಟಕ್ಕೇ ನೆಟ್‌ವರ್ಕ್ ಕಾಣುತ್ತಿತ್ತು. ಅದಕ್ಕೂ ಬಗ್ಗದ ಲ್ಯಾಪ್‌ಟಾಪ್ ಮಾತ್ರ ಅವನ ಮನೆ ಸೇರುತ್ತಿತ್ತು. ತನ್ನ ಮಗ್ಗ ಮಾರಿ ಎಷ್ಟೋ ವರ್ಷವಾಗಿದ್ದರೂ ಅಲ್ಲಿ ಕುಣಿ ಬಾಯಿ ತೆರೆದೇ ಇತ್ತು. "ಯಾರರ ಬಿದ್ದಾರು, ಮುಚ್ಚಸ್ರಿ" ಎಂದು ಹೆಂಡತಿ ಮಹೇಶ್ವರಿ ಜಗಳ ತೆಗೆದರೆ, "ಮತ್ತ ನಾ ಕಾಲು ಎಲ್ಲಿಡ್ಲಿ?" ಎನ್ನುತ್ತಿದ್ದ. ಕುಣಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಅದು ನೆಟ್‌ವರ್ಕ್ ಹುಡುಕುವಷ್ಟು ಹೊತ್ತೂ, ಕೆಳಗಿನ ಕತ್ತಲಲ್ಲಿ ಅವನ ಪಾದಗಳು, ಅವನಿಗೇ ಗೊತ್ತಿಲ್ಲದಂತೆ, ಈಗಿಲ್ಲದ ಮೆಟ್ಟುಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದವು.