ಅಂಗೈ ಇಟ್ಟು ಕೇಳಿದ ರಾಕ್

ನನಗೆ ರಾಕ್ ಸಂಗೀತದ ರುಚಿ ಹತ್ತಿಸಿದವರು ನಮ್ಮೂರು ಇಂಡಿಯ ಬಸ್ ನಿಲ್ದಾಣದ ಹಿಂದಿನ ಟೇಪ್ ರಿಪೇರಿಯವರು. ದುರಸ್ತಿಯಾದ ಪ್ರತಿ ಸ್ಪೀಕರನ್ನೂ ಅವರು ತಮ್ಮ ಟೇಪ್ ರೆಕಾರ್ಡರಿನಲ್ಲಿ ಒಂದೇ ಇಂಗ್ಲಿಷ್ ರಾಕ್ ಕ್ಯಾಸೆಟ್ ಹಾಕಿ ಪರೀಕ್ಷಿಸುತ್ತಿದ್ದರು. ಸ್ಪೀಕರಿನ ಮೇಲೆ ಅಂಗೈ ಇಟ್ಟು, "ತಡೀರಿ, ಪೂರ್ತಿ ಕೇಳೂಣು" ಅನ್ನುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ನಾನೂ ದಿನಾ ನಿಂತು ಕೇಳುತ್ತಿದ್ದೆ.

ಎಷ್ಟೋ ವರ್ಷಗಳ ನಂತರ ಹೋದಾಗ ದೂರಿದೆ: "ಈಗಿನ ರಾಕಿನ್ಯಾಗ ಆ ವಜನ ಇಲ್ರಿ. ನಿಮ್ಮ ಕ್ಯಾಸೆಟ್ಟಿನ ಹಾಡೂ ಫೋನಿನ್ಯಾಗ ತೆಳ್ಳಗ ಕೇಳ್ತೈತಿ."

ಅವರು ನನ್ನ ಫೋನನ್ನು ಸ್ಪೀಕರಿಗೆ ಜೋಡಿಸಿ, ಹೊಸ ಬ್ಯಾಂಡಿನ ಹಾಡೊಂದನ್ನು ಅಂಗೈ ಇಟ್ಟೇ ಪೂರ್ತಿ ಕೇಳಿದರು.

"ಇದೂ ಚಲೋ ಐತ್ರಿ. ಆವಾಗ ನನ್ನ ಟೇಪಿನ ಚಕ್ರ ತಿರುಗಿಸೂ ಬೆಲ್ಟ್ ಸಡ್ಲಾಗಿತ್ತು. ಹಾಡು ನಿಧಾನ ಓಡಿ ದನಿ ದಪ್ಪ ಬರ್ತಿತ್ತು. ನೀವು ಕಣ್ಣು ಮುಚ್ಚಿ ಕೇಳ್ತಿದ್ರಿ, ಅದಕ್ಕ ರಿಪೇರಿ ಮಾಡ್ಲಿಲ್ಲ."