ಎರಡು ಅಡಾಪ್ಟರು, ಒಂದು ಗಂಟು

ನಮ್ಮ ಮನೆಯ ಟಿ.ವಿ. ಮೇಜಿನ ಕೆಳಗಿನ ಡ್ರಾಯರನ್ನು ನೀವು ಎಂದಾದರೂ ಎಳೆದು ನೋಡಿದರೆ, ಸತ್ತ ಯಂತ್ರಗಳು ಬಿಟ್ಟುಹೋದ ಬಾಲಗಳೆಲ್ಲ ಅಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುವುದು ಕಾಣುತ್ತದೆ. ಕೆಟ್ಟ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು, ಬದಲಾಯಿಸಿದ ವೈಫೈ ಡಬ್ಬಿಯದು, ಯಾವುದರದೆಂದು ಈಗ ಯಾರಿಗೂ ನೆನಪಿಲ್ಲದ ಇನ್ನೊಂದೆರಡು. ಪ್ರತಿಯೊಂದಕ್ಕೂ ನವಿಲು ಬಣ್ಣದ ರೇಷ್ಮೆ ಎಳೆ ಸುತ್ತಿ ಗಂಟು ಹಾಕಿದ್ದೇನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ರಬ್ಬರ್ ಬ್ಯಾಂಡಿಗೆ ದುಡ್ಡು ಕೊಡುವವರಿಲ್ಲ; ಕರಿಬೇವಿನ ಕಟ್ಟಿನಿಂದ ಹಿಡಿದು ಮಕ್ಕಳ ಜಡೆಯವರೆಗೆ ಎಲ್ಲವನ್ನೂ ಮಗ್ಗದ ಮನೆಯ ಉಳಿಕೆ ನೂಲೇ ಕಟ್ಟಿಹಾಕುತ್ತದೆ. ಆದರೆ ಈ ನವಿಲು ಬಣ್ಣದ ಎಳೆ ನನ್ನ ಡ್ರಾಯರಿಗೆ ಬಂದ ಬಗೆಯನ್ನು ನಾನು ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳುತ್ತೇನೆ, ಅರ್ಧಕ್ಕೇ ಎದ್ದುಹೋಗಬೇಡಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ನಲವತ್ತೆಂಟರ ವಯಸ್ಸಿನಲ್ಲಿ ಕೆಲವರಿಗೆ ಯೋಗ ಹತ್ತುತ್ತದೆ, ಕೆಲವರಿಗೆ ಸೈಟು. ನನಗೆ ಮಾಡ್ಯುಲರ್ ಸಿಂಥಸೈಜರ್ ಎಂಬ ನಾದದ ಪೆಟ್ಟಿಗೆ ಹತ್ತಿಕೊಂಡಿತು. ಅದು ಒಂದೇ ವಾದ್ಯವಲ್ಲ, ಒಂದು ಕೂಡುಕುಟುಂಬ. ಒಂದು ತುಂಡು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ, ಅವುಗಳ ನಡುವೆ ನಾವು ವೈರುಗಳನ್ನು ಚುಚ್ಚಿ ಸಂಬಂಧ ಬೆಳೆಸಬೇಕು. ಕೊಂಡುಕೊಂಡರೆ ಸಂಬಳ ಸಾಲದು, ಹಾಗಾಗಿ ಮನೆಯಲ್ಲೇ ಒಂದೊಂದಾಗಿ ಮಾಡಿಕೊಂಡೆ. ನನ್ನ ಹೆಂಡತಿ ಶೈಲಾ ಅದಕ್ಕೆ ದುಂಬಿ ಪೆಟ್ಟಿಗೆ ಎಂದು ಹೆಸರಿಟ್ಟಳು, ಯಾಕೆಂದರೆ ಮೊದಲ ದಿನದಿಂದಲೂ ಅದು ಸ್ವರಕ್ಕಿಂತ ಹೆಚ್ಚಾಗಿ 'ಗುಂಯ್' ಎನ್ನುತ್ತಿತ್ತು.

ಈ ಕುಟುಂಬಕ್ಕೆ ಊಟ ಹಾಕುವುದೇ ಒಂದು ಸಮಸ್ಯೆ. ಅದಕ್ಕೆ ಬರಿಯ ಹನ್ನೆರಡು ವೋಲ್ಟು ಸಾಲದು. ಸೊನ್ನೆಯಿಂದ ಮೇಲಕ್ಕೆ ಹನ್ನೆರಡು, ಕೆಳಕ್ಕೂ ಹನ್ನೆರಡು ಬೇಕು. ಅದಕ್ಕೆಂದೇ ಮಾಡಿದ ಪವರ್ ಸಪ್ಲೈ ತರಿಸಬಹುದು, ಬೆಲೆ ನೋಡಿ ಕೈಬಿಟ್ಟೆ. ಟ್ರಾನ್ಸ್‌ಫಾರ್ಮರ್ ತಂದು ಕಟ್ಟಬಹುದು, ಮನೆಯ ಕರೆಂಟನ್ನು ಬರಿಗೈಯಲ್ಲಿ ಮುಟ್ಟಬೇಕಾಗುತ್ತದೆಂದು ಶೈಲಾ ಒಪ್ಪಲಿಲ್ಲ. ಬ್ಯಾಟರಿ ಹಾಕಿದರೆ ವಾರಕ್ಕೊಮ್ಮೆ ಅಂತ್ಯಸಂಸ್ಕಾರ. ಉಳಿದದ್ದು ಬಡವರ ದಾರಿ: ಹನ್ನೆರಡು ವೋಲ್ಟಿನ ಎರಡು ಹಳೆಯ ಅಡಾಪ್ಟರುಗಳನ್ನು ತೆಗೆದುಕೊಂಡು, ಒಂದರ ಧನವನ್ನು ಇನ್ನೊಂದರ ಋಣಕ್ಕೆ ಸೇರಿಸಿ, ಸೇರಿದ ಆ ಜಾಗವನ್ನೇ ಸೊನ್ನೆ ಎಂದು ಕರೆಯುವುದು. ಮೇಲಿನದೂ ಕೆಳಗಿನದೂ ಆ ನಡುವಿನ ಗಂಟನ್ನೇ ನಂಬಿಕೊಂಡಿರುತ್ತದೆ. ಅದನ್ನು ಬೆಸುಗೆ ಹಾಕಿ ಭದ್ರ ಮಾಡಬೇಕೆಂದು ನಾನೇ ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಅವತ್ತು ಬೆಸುಗೆ ಕಡ್ಡಿ ಅಟ್ಟದ ಮೇಲಿತ್ತು. ವೈರುಗಳನ್ನು ಹೊಸೆದು ಟೇಪು ಸುತ್ತಿ, ಸದ್ಯಕ್ಕೆ ಸಾಕು ಎಂದುಕೊಂಡೆ.

ಪೆಟ್ಟಿಗೆ ಗುಂಯ್‌ಗುಟ್ಟತೊಡಗಿತು. ಈಗ ನನ್ನ ಬುದ್ಧಿ ಯಾವ ಕಡೆಗೆ ಓಡಿತು ನೋಡಿ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಸರೋಜಕ್ಕನದು. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬರೇ ಎರಡು ಪವರ್‌ಲೂಮ್ ಓಡಿಸಿಕೊಂಡು ಬದುಕುತ್ತಿದ್ದಾರೆ. ಬೆಳಿಗ್ಗೆ ಏಳಕ್ಕೆ ಶುರುವಾದರೆ ರಾತ್ರಿ ಒಂಬತ್ತರವರೆಗೆ ಆ ಟಕಟಕ, ಭಾನುವಾರವೂ ಬಿಡುವಿಲ್ಲ. ಮಗ್ಗದ ಮೋಟಾರು ಲೈನಿನಲ್ಲಿ ಸದ್ದು ಸೇರಿಸುತ್ತದೆ ಎಂಬುದು ಪುಸ್ತಕದಲ್ಲಿ ಇರಬಹುದಾದ ಮಾತು, ಅಷ್ಟೇ ಸಾಕಾಯಿತು. ರಾತ್ರಿ ಮಗ್ಗ ನಿಂತ ಮೇಲೆ ಒಮ್ಮೆ ಪೆಟ್ಟಿಗೆ ಹಚ್ಚಿ ಕೇಳಿದ್ದರೆ ಸತ್ಯ ತಿಳಿಯುತ್ತಿತ್ತು, ಆದರೆ ಒಮ್ಮೆ ಕಳ್ಳ ಸಿಕ್ಕಿದ ಎಂದಮೇಲೆ ತನಿಖೆ ಯಾರಿಗೆ ಬೇಕು? ಒಂದು ಸಂಜೆ ಅವರ ಬಾಗಿಲಲ್ಲಿ ನಿಂತು, ನಾಲ್ಕು ಇಂಗ್ಲಿಷ್ ಪದಗಳನ್ನು ಬೆರೆಸಿ, ಒಂದು ಗಂಟೆ ಮಗ್ಗ ನಿಲ್ಲಿಸಿ ಎಂದು ಕೇಳಿದೆ.

"ಅಮಾವಾಸ್ಯೆಗೆ ಇನ್ನೈದೇ ದಿನ ಐತಲ್ಲ ಸಾರ್, ಅವತ್ತು ಹೆಂಗೂ ಮಗ್ಗಕ್ಕೆ ರಜಾ. ಅವತ್ತು ನೋಡ್ಕೊಳ್ಳಿ. ಈಗ ಸೀರೆ ಅರ್ಧದಲ್ಲೈತೆ" ಎಂದರು ಸರೋಜಕ್ಕ.

"ಒಂದೇ ಗಂಟೆ ಅಕ್ಕ" ಎಂದೆ ನಾನು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟದಿರುವುದು ನಮ್ಮ ಬೀದಿಯ ಹಳೆಯ ಪದ್ಧತಿ, ನನಗೂ ಗೊತ್ತಿದ್ದದ್ದೇ. ಐದು ದಿನ ಕಾಯುವ ತಾಳ್ಮೆ ಇರಲಿಲ್ಲ. ಅವರು ಹಾಸಿನ ಎಳೆಗಳ ಮೇಲೊಮ್ಮೆ ಕೈಯಾಡಿಸಿ ಸ್ವಿಚ್ಚು ಆರಿಸಿದರು.

ಮನೆಗೆ ಬಂದು ಪೆಟ್ಟಿಗೆ ಹಚ್ಚಿದೆ. ಗುಂಯ್. ಇಡೀ ಗಂಟೆ ಅದು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಹೊರಗೆ ಬಂದಾಗ ಸರೋಜಕ್ಕ ಜಗಲಿಯ ಮೇಲೆ ಕಾಯುತ್ತ ಕುಳಿತಿದ್ದರು. "ಸರಿಹೋಯ್ತಾ ಸಾರ್?" ಎಂದು ಕೇಳಿದರು. ನನ್ನ ನಾಲಿಗೆ ನನ್ನನ್ನು ಕೇಳದೆಯೇ, "ಎಷ್ಟೋ ವಾಸಿ ಅಕ್ಕ, ನಿಮ್ಮ ಮೋಟಾರಿಂದೇ ಇತ್ತು" ಎಂದುಬಿಟ್ಟಿತು. ಆ ಸುಳ್ಳಿನಿಂದ ನನಗೆ ಏನು ಸಿಕ್ಕಿತೆಂದು ಈಗಲೂ ಯೋಚಿಸುತ್ತೇನೆ. ಏನೂ ಇಲ್ಲ. ಸುಮ್ಮನೆ ತೊಂದರೆ ಕೊಟ್ಟೆ ಎಂದು ಒಪ್ಪಿಕೊಳ್ಳುವುದರಿಂದ ತಪ್ಪಿಸಿಕೊಂಡೆ, ಅಷ್ಟೇ.

ಮರುದಿನ ಸಂಜೆ ಆರಕ್ಕೆ ಪಕ್ಕದ ಮನೆಯ ಟಕಟಕ ತಾನಾಗಿ ನಿಂತಿತು. ಅದರ ಮರುದಿನವೂ. ಶೈಲಾ ವಿಚಾರಿಸಿಕೊಂಡು ಬಂದು, "ನೀವು ಕಾಲೇಜಿಂದ ಬಂದು ಕೂರೋ ಹೊತ್ತಂತೆ, ಏಳರವರೆಗೆ ನಿಲ್ಲಿಸ್ತಾರಂತೆ. ಎಷ್ಟು ಒಳ್ಳೆಯವರು ನೋಡಿ" ಎಂದಳು. ನಾನು ಹೂಂ ಎಂದೆ.

ಐದನೆಯ ದಿನ ಭೀಮನ ಅಮಾವಾಸ್ಯೆ. ಬೆಳಿಗ್ಗೆ ಶೈಲಾ ನನ್ನ ಪಾದ ತೊಳೆದು, ಅರಿಶಿನ ಕುಂಕುಮವಿಟ್ಟು ಪೂಜೆ ಮಾಡಿದಳು. ಬೀದಿಯ ಮಗ್ಗಗಳೆಲ್ಲ ಮೌನವಾಗಿದ್ದವು. ಪಾಯಸ ಉಂಡು ಪೆಟ್ಟಿಗೆ ಹಚ್ಚಿದೆ. ಆ ನಿಶ್ಶಬ್ದದಲ್ಲಿ ಅದರ ಗುಂಯ್ ಗೋಡೆಗಳಿಗೆಲ್ಲ ಬಡಿದು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಟ್ಟ ಹತ್ತಿ ಬೆಸುಗೆ ಕಡ್ಡಿ ಇಳಿಸಿ ಟೇಪು ಬಿಚ್ಚಿದರೆ, ನಾನು ಹೊಸೆದ ಎಳೆಗಳು ಒಂದನ್ನೊಂದು ಹಿಡಿದೂ ಹಿಡಿಯದಂತೆ ನಿಂತಿದ್ದವು. ಎರಡು ನಿಮಿಷದ ಕೆಲಸ. ಬೆಸೆದ ಮೇಲೆ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು, ಸ್ವರವೊಂದೇ ತಿಳಿಯಾಗಿ ಕೇಳಿಸಿತು. ಎಷ್ಟು ದಿನದಿಂದ ಕಾದಿದ್ದ ನಾದ ಅದು! ಪೂಜೆಯ ಕುಂಕುಮ ಇನ್ನೂ ಆರದ ಕಾಲುಗಳನ್ನು ನೋಡುತ್ತ ಕುಳಿತಿದ್ದ ನನಗೆ ಸಂತೋಷ ಹುಟ್ಟಲಿಲ್ಲ.

ಆ ಹೊತ್ತಿಗೇ ಎದ್ದು ಹೋಗಿ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಚಿಕೆಗೆ ಒಂದು ಕೆಟ್ಟ ಗುಣವಿದೆ ನೋಡಿ, ತಡ ಮಾಡಿದಷ್ಟೂ ದಪ್ಪವಾಗುತ್ತದೆ. ಮೊದಲ ದಿನ ಒಂದು ಸುಳ್ಳನ್ನು ಒಪ್ಪಿಕೊಂಡರೆ ಸಾಕಿತ್ತು, ವಾರ ಕಳೆದ ಮೇಲೆ ಒಂದು ವಾರದ ಮೌನವನ್ನೂ ಒಪ್ಪಿಕೊಳ್ಳಬೇಕು. ಹೀಗೆ ಒಂದು ತಿಂಗಳು ಪ್ರತಿ ಸಂಜೆ ಆರಕ್ಕೆ ಮಗ್ಗ ನಿಲ್ಲುತ್ತಿತ್ತು. ಆ ಒಂದು ಗಂಟೆ ನಾನು ಪೆಟ್ಟಿಗೆಯನ್ನು ಮುಟ್ಟುತ್ತಲೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದುವವನಂತೆ ತಲೆ ತಗ್ಗಿಸಿ ಕೂರುತ್ತಿದ್ದೆ.

ಗೌರಿ ಹಬ್ಬದ ದಿನ ಸರೋಜಕ್ಕ ಊಟಕ್ಕೆಂದು ನಮ್ಮ ಮನೆಗೆ ಬಂದರು. ನವಿಲು ಬಣ್ಣದ ಹೊಸ ರೇಷ್ಮೆ ಸೀರೆ. ನಮ್ಮೂರಿನಲ್ಲಿ ನೇಯುವವರು ರೇಷ್ಮೆ ಉಡುವುದು ಅಪರೂಪ, ನೇಯ್ದದ್ದೆಲ್ಲ ಸಾಹುಕಾರರ ಅಂಗಡಿಗೆ ಹೋಗುತ್ತದೆ. ಶೈಲಾ ಬೆರಗಾಗಿ ನೆರಿಗೆ ಸರಿಸಿ ನೋಡಿದಳು. "ಇದೇನಕ್ಕ, ಇಲ್ಲೊಂದು ಗೆರೆ?" ಎಂದಳು.

"ಅವತ್ತು ಸಾರ್‌ಗೆ ಅಂತ ನಡುವಲ್ಲೇ ಮಗ್ಗ ನಿಲ್ಲಿಸಿದ್ನಲ್ಲ, ದಿನಾ ರಾತ್ರಿ ಮಾಡೋ ಹಂಗೆ ಹಾಸು ಸಡಿಲ ಬಿಡೋದು ಮರೆತೆ, ತಿರುಗಾ ಹಾಕ್ದಾಗ ಪಟ್ಟಿ ಬಿತ್ತು. ಸಾವ್ಕಾರ್ರು ಬೇಡ ಅಂದ್ಬಿಟ್ರು. ಹೋಗ್ಲಿ ಬಿಡವ್ವ, ನೆರಿಗೆ ಹಾಕ್ಕೊಂಡ್ರೆ ಯಾರ್ಗೆ ಕಾಣ್ತದೆ" ಎಂದು ನಕ್ಕರು.

ಕೂದಲಿನಷ್ಟು ಸಣ್ಣ ಗೆರೆ, ಅಡ್ಡಕ್ಕೆ, ಅಂಚಿನಿಂದ ಅಂಚಿಗೆ. ನಾನು ಒಳಗೆ ಹೋಗಿ ದೇವರ ಕೋಣೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡೆ. ಗಣೇಶನ ಹಬ್ಬ ಕಳೆದ ಮರುದಿನ ಸಂಜೆ ಆರಕ್ಕೆ ಟಕಟಕ ನಿಂತ ಕೂಡಲೇ ಚಪ್ಪಲಿ ಮೆಟ್ಟದೆಯೇ ಅವರ ಮನೆಗೆ ನಡೆದೆ. ಸರೋಜಕ್ಕ ಮಗ್ಗದ ಮುಂದೆ ಬಾಗಿ, ಕಡಿದ ಎಳೆಯೊಂದಕ್ಕೆ ಗಂಟು ಹಾಕುತ್ತಿದ್ದರು. ತಪ್ಪು ನಿಮ್ಮ ಮೋಟಾರಿನದಲ್ಲ, ನಾನು ವೈರು ಸರಿಯಾಗಿ ಸೇರಿಸಿರಲಿಲ್ಲ, ಅವತ್ತು ವಾಸಿಯಾಯಿತೆಂದು ಹೇಳಿದ್ದು ಸುಳ್ಳು, ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ಗೊತ್ತು ಸಾರ್. ಭೀಮನ ಅಮಾವಾಸ್ಯೆ ದಿನ ನಮ್ ಮಗ್ಗ ನಿಂತೇ ಇತ್ತಲ್ಲ, ಗೋಡೆಯಾಚೆ ನಿಮ್ ಪೆಟ್ಟಿಗೆ ಗುಂಯ್ ಅಂತಾನೇ ಇತ್ತು."

"ಮತ್ತೆ ಈ ಒಂದು ತಿಂಗಳು ಯಾಕಕ್ಕ ನಿಲ್ಲಿಸ್ತಿದ್ರಿ?"

"ಇವತ್ತು ಬಂದು ಹೇಳ್ತಾರೆ, ನಾಳೆ ಬಂದು ಹೇಳ್ತಾರೆ ಅಂತ ನೋಡ್ತಿದ್ದೆ. ಮೇಷ್ಟ್ರಲ್ವಾ ನೀವು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಸೀರೆಯನ್ನು ನಾನೇ ಕೊಳ್ಳುತ್ತೇನೆ ಎಂದೆ. ಉಟ್ಟ ಸೀರೆ ಮಾರುವುದುಂಟೇ ಎಂದು ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಮೂಲೆಯಿಂದ ನವಿಲು ಬಣ್ಣದ ಉಳಿಕೆ ನೂಲಿನ ಉಂಡೆಯೊಂದನ್ನು ತಂದು ನನ್ನ ಕೈಯಲ್ಲಿಟ್ಟರು. "ನಿಮ್ ವೈರ್ ಕಟ್ಕೊಳ್ಳೋಕೆ ಆಗ್ತದೆ, ತಗೊಳ್ಳಿ. ಗಂಟು ಭದ್ರವಾಗಿ ಹಾಕಿ ಸಾರ್" ಎಂದು ಸ್ವಿಚ್ಚು ಒತ್ತಿದರು. ಲಾಳಿ ಓಡತೊಡಗಿತು, ಮತ್ತೆ ಮಾತಾಡಲು ಜಾಗವಿರಲಿಲ್ಲ.

ಈಗ ಸಂಜೆ ಆರಕ್ಕೆ ಯಾವ ಮಗ್ಗವೂ ನಿಲ್ಲುವುದಿಲ್ಲ. ನನ್ನ ಪೆಟ್ಟಿಗೆಗೆ ಆ ಎರಡು ಹಳೆಯ ಅಡಾಪ್ಟರುಗಳೇ ಊಟ ಹಾಕುತ್ತಿವೆ, ಗುಂಯ್ ಎಂಬ ಸದ್ದಿಲ್ಲ, ಖರ್ಚೂ ಇಲ್ಲ. ಇಂಥ ಪೆಟ್ಟಿಗೆಗೆ ಕರೆಂಟು ಕೊಡುವ ಅಗ್ಗದ ದಾರಿ ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿಕೊಡುತ್ತೇನೆ. ಆಮೇಲೆ ಉಳಿದ ಅಡಾಪ್ಟರುಗಳನ್ನು ತೋರಿಸಲು ಡ್ರಾಯರು ಎಳೆಯುತ್ತೇನೆ, ಬಂದವರು ಅಷ್ಟು ಚಂದದ ರೇಷ್ಮೆ ಎಳೆಯನ್ನು ನೋಡಿ ಇದೆಲ್ಲಿ ಸಿಕ್ಕಿತು ಎನ್ನುತ್ತಾರೆ. ಪಕ್ಕದ ಮನೆಯವರು ಕೊಟ್ಟದ್ದು ಎಂದಷ್ಟೇ ಹೇಳಿ ಮುಚ್ಚಿಬಿಡುತ್ತೇನೆ.