ಹೊಸ್ತಿಲ ಮೇಲಿನ ಉಗುರು

ಶನಿವಾರ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಉಗುರು ಬಿದ್ದಿತ್ತು. ಕತ್ತರಿಸಿದ ಚೂರಲ್ಲ. ಬುಡದಿಂದ ತುದಿಯವರೆಗೆ ಇಡೀ ಉಗುರು, ಕೆಂಪಗೆ. ಯಾವುದೋ ಬೆರಳು ಅದನ್ನು ಚಪ್ಪಲಿಯಂತೆ ಹೊರಗೆ ಕಳಚಿಟ್ಟು ನಮ್ಮ ಮನೆಯೊಳಗೆ ಬಂದಂತಿತ್ತು.

ನಾನು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಮನೆ ಒಡತಿ ಮುನಿನಂಜಮ್ಮ ನೀರಿನ ಬಿಂದಿಗೆ ಸಮೇತ ಎದುರಿಗೆ ನಿಂತಿದ್ದರು.

"ಯಾರ್ದಮ್ಮಾ ಅದು?"

"ನಂದ್ರೀ."

ಅವರು ಬಿಂದಿಗೆ ಇಳಿಸಿ ನನ್ನ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ಎಣಿಸಿದರು. "ಹತ್ತೂ ಬೆಳ್ಳಲ್ಲಿ ಉಗುರು ನೆಟ್ಟಗೈತಲ್ಲಾ. ಇದೆಲ್ಲಿಂದ ಬಂತು ಹನ್ನೊಂದ್ನೇದು?"

ನಮ್ಮ ಊರಿನವರಾದ ನಿಮಗೆ ಮೊದಲಿಂದ ಹೇಳಬೇಕು. ಕುಷ್ಟಗಿ ಕಡೆಯಿಂದ ನಾವು ಗಂಡ ಹೆಂಡತಿ ಈ ಬಾಶೆಟ್ಟಿಹಳ್ಳಿಗೆ ಬಂದು ವರ್ಷವಾಗುತ್ತಾ ಬಂತು. ದೊಡ್ಡಬಳ್ಳಾಪುರದ ಮಗ್ಗುಲಲ್ಲೇ ಇರುವ ಕಾರ್ಖಾನೆಗಳ ಜಾಗ. ಯಜಮಾನರಿಗೆ ಅಲ್ಲೊಂದರಲ್ಲಿ ಕೆಲಸ. ಮುನಿನಂಜಮ್ಮನವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆರು ಬಾಡಿಗೆ ಮನೆಗಳ ಒಂದು ಸಾಲು ಎದ್ದಿದೆ. ನಮ್ಮದು ಮೂರನೆಯದು. ನಮ್ಮೂರಲ್ಲಿ ಬಾಗಿಲು ತೆಗೆದರೆ ಎದುರು ಮನೆಯವರ ಮುಖ ಕಾಣುತ್ತದೆ. ಇಲ್ಲಿ ಕಾಣುವುದು ಕಾರ್ಖಾನೆಯ ಕಾಂಪೌಂಡ್ ಗೋಡೆ. ಶಿಫ್ಟ್ ಬಿಟ್ಟಾಗ ಬಸ್ಸು, ಬೈಕು, ಸಾವಿರ ಜನ. ಅರ್ಧ ಗಂಟೆ ಕಳೆದರೆ ಒಂದು ನರಪಿಳ್ಳೆಯೂ ಇಲ್ಲ. ಆ ಖಾಲಿ ಹೊತ್ತಿನಲ್ಲಿ ಗೋಡೆಯಾಚೆಯ ಯಂತ್ರದ ಸದ್ದು ನಮ್ಮ ಗೋಡೆಯೊಳಗಿಂದಲೇ ಬರುತ್ತಿದೆಯೇನೋ ಅನ್ನಿಸುತ್ತದೆ. ಮೊದಮೊದಲು ನಾನು ಗೋಡೆಗೆ ಕೈಯಿಟ್ಟು ನೋಡುತ್ತಿದ್ದೆ. ಗೋಡೆ ಸಣ್ಣಗೆ ನಡುಗುತ್ತಿರುತ್ತದೆ.

ಮಾತಿಗೂ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಕಸಬರಿಗೆ ಕೇಳಿದರೆ ಹುಡುಕಾಡಿದರು. ಇಲ್ಲಿ ಅದು ಪೊರಕೆ. ಆದರೂ ದೇವರು ಕೈಬಿಡಲಿಲ್ಲ. ಜೋಳದ ಹಿಟ್ಟು ಸಿಗುವ ಗಿರಣಿ ಸಿಕ್ಕಿತು, ಜಗಲಿಗೆ ಸರಿಯಾಗಿ ಪೂರ್ವದ ಗೋಡೆ ಸಿಕ್ಕಿತು, ಮುನಿನಂಜಮ್ಮನವರ ಮಗಳು ಚೈತ್ರಾ ಸಿಕ್ಕಳು. ಜಗಲಿ ಅಂದರೆ ನಮ್ಮ ದೇವರ ಕಟ್ಟೆ. ಅದನ್ನೂ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಯಿತು, ಇಲ್ಲಿ ಜಗಲಿ ಅಂದರೆ ಮನೆ ಮುಂದೆ ಕೂರುವ ಜಾಗವಂತೆ.

ಚೈತ್ರಾಳೇ ಒಂದು ದಿನ, "ಅಕ್ಕಾ, ಗೋಡೆ ತಡವ್ಕೊಂಡ್ ಕೂತಿದ್ರೆ ತಲೆ ಕೆಟ್ಟೋಗುತ್ತೆ, ಬಾ," ಅಂತ ಬಸ್ ನಿಲ್ದಾಣದ ಹಿಂದಿನ ಪಾರ್ಲರಿಗೆ ಕರೆದುಕೊಂಡು ಹೋದಳು. ಅದನ್ನು ನಡೆಸುವವರು ನಸ್ರೀನ್ ಆಪಾ, ಆಪಾ ಅಂದರೆ ಅಕ್ಕ. ಅಲ್ಲಿ ನಾನು ಕಲಿಯುತ್ತಿರುವುದು ಅಕ್ರಿಲಿಕ್ ಉಗುರು, ಅಂದರೆ ನಿಜವಾದ ಉಗುರಿನ ಮೇಲೆ ಕೂರಿಸುವ ನಕಲಿ ಉಗುರು ಹಾಕುವುದನ್ನು. ಒಂದು ಕುಂಚವನ್ನು ಘಾಟು ದ್ರವದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿದರೆ ತುದಿಯಲ್ಲಿ ಮುತ್ತಿನಂಥ ಹನಿ ಕಟ್ಟುತ್ತದೆ. ಅದನ್ನು ಉಗುರಿನ ಮೇಲಿಟ್ಟು, ಗಟ್ಟಿಯಾಗುವ ಮೊದಲೇ ಹರಡಬೇಕು. ರೊಟ್ಟಿ ಬಡಿದ ಕೈ ನನ್ನದು. ಹನಿಯನ್ನೂ ಬಡಿಯಲು ಹೋದೆ. ಮೊದಲ ವಾರ ಹಾಕಿದವೆಲ್ಲ ಗುಬ್ಬಚ್ಚಿ ಮರಿಯ ಕೊಕ್ಕಿನಂತಿದ್ದವು. ರೊಟ್ಟಿಗೂ ಆ ಘಾಟು ಹತ್ತಿ ಯಜಮಾನರು, "ಇವತ್ತ ಉಗುರಿನ ರೊಟ್ಟಿ ಏನು?" ಅಂದರು.

ಮನೆಯಲ್ಲಿ ಅಭ್ಯಾಸ ಮಾಡಲೆಂದು ಆಪಾ ಒಂದು ಪ್ಲಾಸ್ಟಿಕ್ ಕೈ ಕೊಟ್ಟರು. ಮೊಣಕೈವರೆಗಿನ ಹೆಣ್ಣು ಕೈ, ಮನುಷ್ಯರ ಮೈಬಣ್ಣದ್ದು. ಬೆರಳು ಬಗ್ಗಿಸಿದರೆ ಬಗ್ಗುತ್ತವೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಿದ್ದೆ. ಮನೆಯಲ್ಲಿ ಮೇಜಿನ ಮೇಲಿಟ್ಟು ಅಡುಗೆ ಮಾಡುವಾಗ ಅದು ನನ್ನ ಬೆನ್ನ ಹಿಂದೆ ಏನನ್ನೋ ಕೇಳಲು ಚಾಚಿದಂತೆ ಇರುತ್ತಿತ್ತು. ಒಮ್ಮೊಮ್ಮೆ ನಾನು ಬಿಟ್ಟಂತೆ ಬೆರಳುಗಳು ಇರುತ್ತಿರಲಿಲ್ಲ. ಬೆರಳ ಕೀಲಿನ ರಬ್ಬರಿನ ಗುಣವೇ ಹಾಗೆ, ನಿಧಾನಕ್ಕೆ ಮೊದಲಿನ ಆಕಾರಕ್ಕೆ ಮರಳುತ್ತದೆ ಅಂತ ಆಪಾ ಹೇಳಿದ್ದರು. ಆದರೂ ಅದರ ಮೇಲೊಂದು ಬಟ್ಟೆ ಹೊದಿಸಿದೆ.

ಹೊಸ್ತಿಲ ಮೇಲೆ ಬಿದ್ದದ್ದು ಆ ಕೈಯ ಉಗುರು. ಹಿಂದಿನ ದಿನ ಪಾರ್ಲರಿನಲ್ಲಿ ಹಾಕಿದ್ದು, ಚೀಲದ ಸಂದಿಯಿಂದ ಉದುರಿತ್ತು. ಕೈಯನ್ನು ತಂದು ತೋರಿಸಿದೆ. ಮುನಿನಂಜಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಶಿವನೇ! ಯಾವತ್ತು ಅಂಟ್ಸಿದ್ದು ಇದ್ನ?"

"ನಿನ್ನೆ ಶುಕ್ರವಾರ್ರೀ."

"ಮಂಗಳ್ವಾರ ಶುಕ್ರವಾರ ಉಗುರು ಕತ್ತರ್ಸದೇ ತಪ್ಪು. ನೀನು ಆಡಿಸ್ಕೊಂಡು, ಅಂಟಿಸ್ಕೊಂಡು ಕೂತಿದ್ದೀಯಾ? ನನ್ ಮಗಳ ನಿಶ್ಚಿತಾರ್ಥ ಐತೆ ಮುಂದಿನ ಶನಿವಾರ. ಈ ಕೆಲ್ಸ ಬಿಟ್ಬಿಡು, ಇಲ್ಲಾ ಮನೆ ಬಿಡು. ಇನ್ನೊಂದು ಉಗುರು ನನ್ ಅಂಗಳ್ದಾಗೆ ಬಿದ್ರೆ ನಾನು ಸುಮ್ಕಿರಕ್ಕಿಲ್ಲ."

ಬೈದಿದ್ದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಒಳಗೆ ಬಂದು ನೆನಪು ಮಾಡಿಕೊಂಡಾಗ. ಪಾರ್ಲರಿನಲ್ಲಿ ನನ್ನ ಹತ್ತಿರ ಉಗುರು ಹಾಕಿಸಿಕೊಂಡ ಇಬ್ಬರು ಹೆಣ್ಣುಮಕ್ಕಳು ಬಿದ್ದ ಉಗುರನ್ನು ಕಾಗದದಲ್ಲಿ ಸುತ್ತಿ ವಾಪಸ್ ತಂದಿದ್ದರು. ಒಬ್ಬಳಿಗೆ ಹಾಕಿದ್ದು ಮಂಗಳವಾರ, ಇನ್ನೊಬ್ಬಳಿಗೆ ಶುಕ್ರವಾರ. ಬುಧವಾರ, ಗುರುವಾರ ಹಾಕಿದವು ಒಂದೂ ಅಲುಗಿರಲಿಲ್ಲ. ನಮ್ಮ ಜಗಲಿಯ ದೇವಿ ಅಮ್ಮನವರಿಗೇ ಒಪ್ಪಿಗೆಯಿಲ್ಲವೇನೋ. ಜಗಲಿಯ ಮುಂದೆ ಕೂತು, ತಾಯಿ, ಇನ್ನೊಮ್ಮೆ ಶುಕ್ರವಾರದ ಉಗುರು ಬಿದ್ದರೆ ಕುಂಚ ಮುಟ್ಟುವುದಿಲ್ಲ ಅಂತ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಅಳು ಬಂತು. ಅದನ್ನು ಬಿಟ್ಟರೆ ನನಗೆ ಉಳಿಯುವುದು ಆ ನಡುಗುವ ಗೋಡೆ ಮಾತ್ರ.

ಮಂಗಳವಾರ ಪಾರ್ಲರಿಗೆ ಹೋಗಿ ಆಪಾಗೆ ಎಲ್ಲ ಒಪ್ಪಿಸಿದೆ. ಅವರು ನಗಲಿಲ್ಲ. "ನಿಮ್ಮ ದೇವ್ರ ವಿಷ್ಯ ನಂಗೊತ್ತಿಲ್ಲಮ್ಮಾ. ಕೈ ಕೊಡು ಇಲ್ಲಿ," ಅಂತ ನನ್ನ ಬೆರಳ ತುದಿಗಳನ್ನು ಒಂದು ತೆಳು ಕಾಗದಕ್ಕೆ ಒತ್ತಿ ಬೆಳಕಿಗೆ ಹಿಡಿದರು. ಐದು ಚುಕ್ಕೆಗಳಲ್ಲಿ ಆಚೆಯ ಬೆಳಕು ಕಾಣುತ್ತಿತ್ತು.

"ಎಣ್ಣೆ! ಎಣ್ಣೆ ಬಿದ್ರೆ ಉಗುರು ಹಿಡಿಯೋದೇ ಇಲ್ಲ. ಕೈ ತೊಳೆಯಲ್ವಾ ನೀನು?"

"ನೀರಾಗ ತೊಳೀತೀನ್ರಿ. ಸಾಬೂನು ಹಚ್ಚಂಗಿಲ್ಲ."

ನಿಮಗೆ ಗೊತ್ತಲ್ಲ, ಮಂಗಳವಾರ ಶುಕ್ರವಾರ ನಮ್ಮ ಮನೆಯಲ್ಲಿ ಜೋಡಿ ದೀಪ. ಬತ್ತಿಯನ್ನು ಎಣ್ಣೆಯಲ್ಲಿ ನೆನೆಸಿ ಕೈಯಲ್ಲೇ ಹೊಸೆಯಬೇಕು. ಕೈಗೆ ಹತ್ತಿದ ದೀಪದ ಎಣ್ಣೆಗೆ ಅವತ್ತು ಸಾಬೂನು ಹಚ್ಚಬಾರದು, ತಲೆಗೆ ಮೊಣಕೈಗೆ ಸವರಿಕೊಳ್ಳಬೇಕು ಅಂತ ಅತ್ತೆ ಕಲಿಸಿದ್ದು. ಉಳಿದ ದಿನ ನಾನು ಹಚ್ಚುವುದು ಬರೀ ಊದುಬತ್ತಿ.

ಕಾರಣ ಸಿಕ್ಕಿತು, ಆದರೆ ಕಷ್ಟ ಮುಗಿಯಲಿಲ್ಲ. ಪಾರ್ಲರಿನ ಮೆಟ್ಟಿಲ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದೆ. "ಅತ್ತೀ, ದೀಪದ ಎಣ್ಣಿ ಸಾಬೂನು ಹಚ್ಚಿ ತೊಳೀಲೇನು?"

ಆ ಕಡೆ ಕೋಳಿ ಕೂಗಿತು. ಅತ್ತೆ, "ತೊಳಿ. ಆದ್ರ ಆ ನೀರು ಗಟಾರಕ್ಕ ಬಿಡಬ್ಯಾಡ, ಗಿಡದ ಬುಡಕ್ಕ ಹಾಕು. ಆ ತಾಯೀಗೆ ಗೊತ್ತಾಗ್ತೈತಿ," ಅಂದರು.

ಆ ಶುಕ್ರವಾರ ದೀಪ ಹಚ್ಚಿ, ಸಾಬೂನು ಹಚ್ಚಿ ಕೈ ತೊಳೆದು, ಬೋಗುಣಿಯ ನೀರನ್ನು ಹಿತ್ತಲ ನುಗ್ಗೆ ಗಿಡಕ್ಕೆ ಸುರಿದೆ. ಪಾರ್ಲರಿನಲ್ಲಿ ಚೈತ್ರಾ ನನ್ನ ಮುಂದೆ ಕೈ ಚಾಚಿದಳು. "ಬಿದ್ರೆ ನಮ್ಮವ್ವ ನಿನ್ನೂ ಓಡಿಸ್ತಾಳೆ, ನನ್ನೂ ಓಡಿಸ್ತಾಳೆ. ಸರ್ಯಾಗಿ ಹಾಕಕ್ಕಾ." ಹತ್ತು ಬೆರಳಿಗೂ ನಾನೇ ಹಾಕಿದೆ, ತಿಳಿ ಗುಲಾಬಿ ಬಣ್ಣ.

ಮರುದಿನ ಬೀಗರ ಮುಂದೆ ಅವಳು ತಾಂಬೂಲದ ತಟ್ಟೆ ಹಿಡಿದಾಗ ನಾನು ನೋಡಿದ್ದು ಅವಳ ಬೆರಳನ್ನು, ಮುನಿನಂಜಮ್ಮ ನೋಡಿದ್ದು ನೆಲವನ್ನು. ಒಂದೂ ಬೀಳಲಿಲ್ಲ. ಮುಂದಿನ ಶುಕ್ರವಾರ ಬಂತು, ಆಗಲೂ ಇದ್ದವು. ಮುನಿನಂಜಮ್ಮ ಒಳ್ಳೆಯ ಮಾತೇನೂ ಆಡಲಿಲ್ಲ. ಸಾರಿಗೆ ನುಗ್ಗೆಕಾಯಿ ಕಿತ್ತು ಕೊಟ್ಟರು, "ಈ ಸಲ ಯಾಕೋ ಜಾಸ್ತಿ ಬಿಟ್ಟೈತೆ," ಅಂದರು. ಮನೆ ಉಳಿಯಿತು, ಕೆಲಸ ಉಳಿಯಿತು. ಇಷ್ಟು ಸಾಕು ತಾಯಿ ಅಂದುಕೊಂಡೆ.

ಶ್ರಾವಣದಲ್ಲಿ ಊರಿಗೆ ಬಂದಿದ್ದೆನಲ್ಲ, ಆಗಿನದು ಒಂದು ಮಾತು ಉಳಿದಿದೆ. ಪ್ಲಾಸ್ಟಿಕ್ ಕೈಯನ್ನು ಬಾಶೆಟ್ಟಿಹಳ್ಳಿಯ ಮನೆಯಲ್ಲೇ ಇಟ್ಟು ಬೀಗ ಹಾಕಿ ಬಂದಿದ್ದೆ. ಮನೆ ತುಂಬ ಜನ, ಓರಗಿತ್ತಿಯ ಜೊತೆ ಕೂತು ರೊಟ್ಟಿ ಬಡಿದೆ, ಅಂಗೈ ಉರಿಯಿತು. ಕೈ ತಪ್ಪಿದೆ ಅಂತ ಅವಳು ನಕ್ಕಳು. ಮಲಗಿದರೆ ಗೋಡೆ ನಡುಗುತ್ತಿಲ್ಲವೆಂದು ನಿದ್ದೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಬಾಗಿಲು ಸಾರಿಸಲು ಹೋದೆ. ಹೊಸ್ತಿಲ ಮೇಲೆ ಒಂದು ಕೆಂಪು ಉಗುರು ಬಿದ್ದಿತ್ತು. ಸೀರೆಯ ಮಡಿಕೆಯಲ್ಲಿ ಸಿಕ್ಕಿ ನನ್ನ ಜೊತೆ ಬಂದಿರಬೇಕು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತಿದ್ದರು.

"ಯಾರದವಾ ಇದು?"

"ನಂದ, ಅತ್ತೀ."

ಅವರು ನನ್ನ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ಮುಟ್ಟಿ ಎಣಿಸಿದರು. ಹತ್ತೂ ಉಗುರು ಇದ್ದವು, ಒಂದೂ ಕೆಂಪಿರಲಿಲ್ಲ. ಇನ್ನೊಮ್ಮೆ ಎಣಿಸಿದರು.